ಒಪ್ಪಿಕೊಂಡ ಕಳ್ಳತನ

ಅಟ್ಟದ ಹಳೇ ರಾಶಿಯಿಂದ ಇಳಿಸಿದ ತೆಂಗಿನಕಾಯಿಯಲ್ಲಿ ನೀರಿತ್ತು. ಸುಲಿದು ಚಿಪ್ಪು ಒಡೆದಾಗ ಒಣಗಿದ ಕೊಬ್ಬರಿ ಗಿಟುಕು ಉರುಳುವ ಬದಲು ನೀರು ಚಿಮ್ಮಿ ದ್ರಾಕ್ಷಾಯಣಮ್ಮನವರ ಸೀರೆ ನೆನೆಯಿತು. ಬುಟ್ಟಿಯಲ್ಲಿದ್ದ ಕಾಯಿಗಳಲ್ಲಿ ಅರ್ಧಕ್ಕರ್ಧ ಹೀಗೇ ನೀರುಕಾಯಿ.

ಚಿಕ್ಕನಾಯಕನಹಳ್ಳಿ ಸುತ್ತಿನ ಮನೆಗಳಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಒಣಗಬೇಕು. ಹಳೆಯದಕ್ಕೆ ಹೊಸದು ಬೆರೆಯಬಾರದು. ದ್ರಾಕ್ಷಾಯಣಮ್ಮನವರ ಮನೆಯಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ ಶಾಂತಕುಮಾರಿ. ಬಿಸಿಲಿಗೆ ಹೋಗಕೂಡದೆಂದು ಡಾಕ್ಟರು ಹೇಳಿದ ಮೇಲೆ ತೋಟದ ಕೆಲಸ ಬಿಡಿಸಿ ಅಟ್ಟ ಒಪ್ಪಿಸಿದ್ದರು.

ಅವಳಿಗೆ ಇಪ್ಪತ್ತೆರಡು ವರ್ಷ. ಹಿಂದಿನ ವರ್ಷ, 1983ರಲ್ಲಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಕೀಲುನೋವು, ಕೆನ್ನೆ ಮೇಲಿನ ಕೆಂಪು ಗಂದೆ ನೋಡಿ ಲೂಪಸ್ ಎಂಬ ಕಾಯಿಲೆ ಎಂದಿದ್ದರು. ಮಾತ್ರೆಯಿಂದ ಮುಖ ಊದಿತ್ತು, ಕೆನ್ನೆಯ ಕೆಂಪು ಇಳಿದಿತ್ತು. ವಾಸಿಯಾಗುತ್ತಿದೆ ಎಂದು ಮನೆಯವರು ತಿಳಿದಿದ್ದರು. ಆದರೆ ಈಚೆಗೆ ಅವಳು ಮಾತಿನ ನಡುವೆ ನಿಂತುಬಿಡುತ್ತಿದ್ದಳು, ಏನೋ ಮುಚ್ಚಿಡುವವಳಂತೆ. ತವರೂರು ಹುಳಿಯಾರಿನಿಂದ ಅವಳ ತಮ್ಮ ಬಂದಾಗಲೆಲ್ಲ ಚೀಲ ತುಂಬಿಸಿಕೊಂಡೇ ಹೋಗುತ್ತಿದ್ದ. ಕೇಳಿದರೆ ಹುಣಸೆಹಣ್ಣು ಎನ್ನುತ್ತಿದ್ದ. ಒಣಗಿದ್ದನ್ನು ಸಾಗಿಸಿ, ರಾಶಿ ಕುಗ್ಗಿದ್ದು ಕಾಣದಿರಲೆಂದು ಹೊಸದು ಸುರಿದಿದ್ದಾಳೆ ಎಂದು ದ್ರಾಕ್ಷಾಯಣಮ್ಮ ತೀರ್ಮಾನಿಸಿದರು.

"ಒಣಕಾಯಿ ಯಾರಿಗೆ ಕೊಟ್ಟೆ ಹೇಳೇ?"

ಶಾಂತಕುಮಾರಿ ಒಡೆದ ಕಾಯಿಯನ್ನು ನೋಡಿದಳು. "ತಮ್ಮಂಗೆ ಕಣತ್ತೆ."

ಇಷ್ಟು ಸಲೀಸಾಗಿ ಒಪ್ಪಿದ್ದು ದ್ರಾಕ್ಷಾಯಣಮ್ಮನವರಿಗೆ ಸರಿಕಾಣಲಿಲ್ಲ.

"ಯಾವಾಗ?"

"ಶಿವರಾತ್ರಿಗೆ ಬಂದಿದ್ನಲ್ಲ, ಆಗ."

"ಶಿವರಾತ್ರೀಲಿ ಅವ್ನು ಕಾಲು ಮುರ್ಕಂಡು ಮಲಗಿದ್ದ. ನೋಡ್ಕಂಡು ಬಂದೋಳು ನಾನೇ!"

"ಹಂಗಾರೆ ಯುಗಾದಿಗೆ."

"ಕದಿಯಕ್ಕೂ ಗ್ಯಾಪ್ಕ ಬೇಕು ಕಣೇ," ಎಂದರು ಅತ್ತೆ.

ಮರುದಿನ ಕಾಯಿ ಬೇರ್ಪಡಿಸಲು ಸೊಸೆಯನ್ನು ಅಟ್ಟಕ್ಕೆ ಹತ್ತಿಸಿ, ತಾವು ಸದ್ದಿಲ್ಲದೆ ಏಣಿಯ ಮೇಲೆ ನಿಂತರು. ಶಾಂತಕುಮಾರಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಗಿಟುಕು ಕಟಕಟ ಎಂದಿತು. ಎಡಕ್ಕಿಟ್ಟಳು. ಇನ್ನೊಂದರಲ್ಲಿ ನೀರು ಕುಲುಕಿತು. ಬಲಕ್ಕಿಟ್ಟಳು. ಮೂರನೆಯದೂ ಕಟಕಟ ಎಂದಿತು. ಅದನ್ನು ಹಿಡಿದು ಎರಡೂ ಕಡೆ ನೋಡುತ್ತ ಕೂತಳು. ಮತ್ತೆ ಅಲ್ಲಾಡಿಸಿದಳು. ಎಡದ್ದನ್ನು ಎತ್ತಿ ಅಲ್ಲಾಡಿಸಿದಳು, ಬಲದ್ದನ್ನೂ. ಕೊನೆಗೆ ಕಣ್ಣೊರೆಸಿಕೊಂಡು, ಕೈ ಹೋದ ಕಡೆ ಇಟ್ಟಳು.

"ಅದು ನೀರುಕಾಯಿ ರಾಶಿ ಕಣೇ."

ಶಾಂತಕುಮಾರಿ ಬೆಚ್ಚಿದಳು. ಇಟ್ಟ ಕಾಯಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು, "ಸದ್ದು ಕೇಳ್ತದೆ ಅತ್ತೆ. ಇಡೋ ಹೊತ್ಗೆ ಯಾವ ಕಡೆ ಅನ್ನೋದು ಹೊಂಟೋಯ್ತದೆ. ಹೊಸ ಕಾಯೂ ಹಿಂಗೇ ಎಲ್ಲಿ ಸುರುದ್ನೋ."

"ಮತ್ತೆ ತಮ್ಮಂಗೆ ಕೊಟ್ಟೆ ಅಂದ್ಯಲ್ಲ?"

"ಕಳ್ಳಿ ಅಂದ್ರೆ ಬೈದು ಇಟ್ಕತೀರಿ. ತಲೆ ಕೆಟ್ಟೋಳು ಅಂದ್ರೆ ಹುಳಿಯಾರಿಗೆ ಕಳಿಸ್ಬುಡ್ತೀರಿ. ನಿಮ್ಮ ಮಗಂಗೆ ಹೇಳ್ಬ್ಯಾಡಿ."

ಕಳಿಸುವ ಮಾತು ದ್ರಾಕ್ಷಾಯಣಮ್ಮನವರ ಮನಸ್ಸಿಗೆ ಆಗಲೇ ಬಂದಿತ್ತು.

"ಡಾಕ್ಟ್ರಿಗೆ ಹೇಳಿದ್ಯಾ?"

"ಕೀಲು ಕೇಳುದ್ರು, ಬಿಸ್ಲು ಕೇಳುದ್ರು. ಇದ ಕೇಳ್ಲಿಲ್ಲ."

"ಸೋಮಾರ ಬೆಂಗ್ಳೂರಿಗೆ ನಾನೂ ಬತ್ತೀನಿ. ಕೇಳ್ದಿದ್ರೂ ಹೇಳನ."

ಶಾಂತಕುಮಾರಿ ನಂಬಲಿಲ್ಲ. ಸೋಮವಾರ ಅತ್ತೆಯ ಕೈಯಲ್ಲಿ ತನ್ನ ಸೀರೆಗಳಿದ್ದ ಚೀಲ ಕಂಡಿತು. "ಆಸ್ಪತ್ರೇಲಿ ಉಳ್ಕಳ್ಳಿ ಅಂದ್ರೆ ಬೇಕಾಗ್ತದೆ," ಎಂದರು ಅತ್ತೆ. ಚಿಕ್ಕನಾಯಕನಹಳ್ಳಿ ಸ್ಟ್ಯಾಂಡಿನಲ್ಲಿ ಅವಳು ಬಸ್ಸು ಹತ್ತದೆ ಮೆಟ್ಟಿಲ ಬಳಿಯೇ ನಿಂತಳು.

"ಇದು ಎಲ್ಲಿಗೆ ಹೋಯ್ತದಪ್ಪ?"

"ತುಮಕೂರು ಕಣಮ್ಮ, ಹತ್ತು," ಎಂದ ಕಂಡಕ್ಟರು.

ಬೆಂಗಳೂರಿಗೆ ಹೋಗಲು ತುಮಕೂರಿನಲ್ಲೇ ಬಸ್ಸು ಬದಲಿಸಬೇಕು, ಹುಳಿಯಾರು ಅದರ ಎದುರು ದಿಕ್ಕು. ಹತ್ತಿದಳು. ಅವನು ಟಿಕೆಟ್ಟಿಗೆ ಬಂದಾಗ ಮತ್ತೆ ಕೇಳಿದಳು, "ಹುಳಿಯಾರಿಗೆ ಹೋಗಲ್ಲ ತಾನೆ?"

"ಈಗ್ತಾನೆ ಹೇಳಿದ್ನಲ್ಲಮ್ಮ. ಮರ್ತೋಯ್ತಾ?" ಅವನು ನಕ್ಕ.

ಅವಳು ಮರೆತಿರಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಎರಡು ತುಮಕೂರು," ಎಂದರು ದ್ರಾಕ್ಷಾಯಣಮ್ಮ, ಕಂಡಕ್ಟರಿಗಿಂತ ಸೊಸೆಗೆ ಕೇಳುವಂತೆ.