ಎರಡು ಚಿಟಿಕೆ ಉಪ್ಪು

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಆದಿಲಕ್ಷ್ಮಿಗೆ ಎದೆ ಧಸಕ್ಕೆಂದಿತು. ಆಡಿನ ರಕ್ತದಿಂದ ಬೇರ್ಪಡಿಸಿದ ಬಿಳಿ ರಕ್ತಕಣಗಳು, ರೋಗದ ಜೊತೆ ಬಡಿದಾಡುವ ಆ ಕಣಗಳು, ದುಂಡಗಿರುವ ಬದಲು ಒಣದ್ರಾಕ್ಷಿಯ ಹಾಗೆ ಮುದುರಿಕೊಂಡಿದ್ದವು.

೧೯೮೪. ಕೋಲಾರದ ಕಾಲೇಜು ಲ್ಯಾಬಿಗೆ ಇನ್ನೇನು ಬೆಂಗಳೂರಿನ ಪ್ರೊಫೆಸರ್ ರಾಮಚಂದ್ರಪ್ಪ ಸಾರ್ ಬರುವವರಿದ್ದರು. ಈ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ತೋರಿಸಿದರೆ ಅವರ ಬಳಿ ಸಂಶೋಧನೆಗೆ ಸೀಟು. ಇಲ್ಲದಿದ್ದರೆ ಅದು ಬೇರೆಯವರ ಪಾಲು.

ಬಾಗಿಲ ಬಳಿ ಆವಲಪ್ಪ ಬೀಡಿ ಹಚ್ಚಲೋ ಬೇಡವೋ ಎಂದು ನಿಂತಿದ್ದ. ಕ್ಯಾಲನೂರಲ್ಲಿ ದೇವರಿಗೆ ಆಡು ಕಡಿದು, ಅವಳು ಕೊಟ್ಟಿದ್ದ ಬಾಟ್ಲಿಯಲ್ಲಿ ರಕ್ತ ಹಿಡಿದು ಬಸ್ಸಲ್ಲಿ ತಂದವನು ಈ ಸೋದರಮಾವನೇ.

"ಮಾವ, ಇದಕ್ಕೇನಾದ್ರೂ ಹಾಕಿದ್ಯಾ?"

"ಎರಡೇ ಚಿಟಿಕೆ ಉಪ್ಪು ತಲ್ಲೀ. ರಕ್ತ ಹುರಿಯೋಕೆ ಹಿಡಿದಾಗೆಲ್ಲ ಹಾಕ್ತೀವಲ್ಲ, ಕೆಡ್ದಿರ್ಲಿ ಅಂತ."

"ಅಯ್ಯೋ! ಕಣದೊಳಗಿನ ನೀರನ್ನೆಲ್ಲ ಉಪ್ಪು ಎಳ್ಕೊಂಡಿದೆ!"

ಅಟೆಂಡರ್ ಮುನಿಶಾಮಿ ಚೊಂಬು ಹಿಡಿದು ಓಡಿಬಂದ. "ನೀರು ಸುರಿದ್ಬಿಡಮ್ಮ, ಸರಿಹೋಗ್ತದೆ."

"ಬೇಡ! ಒಂದೇ ಸಲ ನೀರು ನುಗ್ಗಿದ್ರೆ ಒಡೆದೋಗ್ತವೆ."

ಉಪ್ಪು ಕಮ್ಮಿಯಿರುವ ತೆಳು ದ್ರಾವಣವನ್ನು ಅವಳು ಸೂಕ್ಷ್ಮದರ್ಶಕದ ಕೆಳಗಿನ ಕಣಗಳಿಗೆ ಹನಿ ಹನಿಯಾಗಿ ಬಿಡತೊಡಗಿದಳು. ಅಷ್ಟರಲ್ಲಿ ಹಿಂದೆ ಬೂಟಿನ ಸದ್ದು.

"ಏನಮ್ಮ, ಇನ್ನೂ ತಯಾರಾಗಿಲ್ವಾ?" ಎಂದರು ರಾಮಚಂದ್ರಪ್ಪ.

ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. "ಸಾರ್, ನಮ್ಮ ಮಾವ ಉಪ್ಪು ಹಾಕ್ಬಿಟ್ಟಿದಾರೆ. ಕಣ ಮುದುರಿವೆ. ವಾಪಸ್ ತರ್ತಾ ಇದೀನಿ."

ಅವರು ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿದರು. ಒಂದೊಂದೇ ಕಣ ಉಬ್ಬಿ ದುಂಡಗಾಗುತ್ತಿತ್ತು.

"ಉಬ್ಬಿದ್ರೆ ಸಾಲ್ದು. ಬೆಳೀತಾವಾ? ಉಳಿದ ಕಣಗಳಲ್ಲಿ ಅರ್ಧ ಉಪ್ಪಲ್ಲೇ ಬಿಡು, ಅರ್ಧ ಸರಿಮಾಡು. ಎರಡಕ್ಕೂ ಒಂದೇ ಆಹಾರ ಹಾಕು. ವಾರದ ಕೊನೇಲಿ ಬರ್ತೀನಿ."

ಆ ವಾರವೆಲ್ಲ ಅವಳು ಬೆಳಿಗ್ಗೆ ಸಂಜೆ ಲ್ಯಾಬಿಗೆ ಬಂದು ಎರಡೂ ತಟ್ಟೆಗಳಿಗೆ ಅಳೆದು ಆಹಾರ ಹಾಕಿದಳು.

ಶನಿವಾರ ರಾಮಚಂದ್ರಪ್ಪ ಎರಡೂ ತಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಉಪ್ಪಿನಲ್ಲಿದ್ದ ಕಣಗಳು ಮುದುರಿದಂತೆಯೇ ಉಳಿದಿದ್ದವು; ಒಂದೂ ಎರಡಾಗಿರಲಿಲ್ಲ. ಮತ್ತೊಂದು ತಟ್ಟೆಯಲ್ಲಿ ಮೈತುಂಬಿಕೊಂಡ ಕಣಗಳು ಒಂದಕ್ಕೆರಡಾಗಿ, ಗುಂಪು ಗುಂಪಾಗಿ ಕೂತಿದ್ದವು.

"ಗಾತ್ರ ಸರಿಯಾಗದೆ ಬೆಳವಣಿಗೆ ಇಲ್ಲ," ಎಂದು ಅವರು ತಲೆ ಎತ್ತಿದರು. "ಇದನ್ನೇ ಮುಂದುವರಿಸು. ಸೋಮವಾರ ಬೆಂಗಳೂರಿಗೆ ಬಾ."

ಆವಲಪ್ಪ ಅಂದು ಸಂಜೆಯೇ ಬಂದ. "ಮತ್ತೆ ಆಡು ಕಡಿದಾಗ ಉಪ್ಪು ಮುಟ್ಟಲ್ಲ ಕಣಮ್ಮ, ದೇವರಾಣೆ."

"ಮುಟ್ಟು ಮಾವ," ಎಂದಳು ಅವಳು, ಅಳುತ್ತ ನಗುತ್ತ. "ಒಂದು ಬಾಟ್ಲಿಗೆ ಹಾಕು. ಇನ್ನೊಂದಕ್ಕೆ ಮಾತ್ರ ಬೇಡ."