ಹದಿನೇಳು ಒಂದುಗಳ ಹಂಡೆ

1
ಹೇಗೆ ಶುರು ಮಾಡಲಿ? 'ಗುಬ್ಬಿಯ ಒಂದು ಮನೆಯಲ್ಲಿ ತಾಮ್ರದ ಹಂಡೆ ಇತ್ತು' ಎಂದರೆ ಅಜ್ಜಿಕಥೆಯಾಗುತ್ತದೆ. 11111111111111111 ಎಂದರೆ ಇವನ ಕೀಬೋರ್ಡ್ ಕೆಟ್ಟಿದೆ ಅನ್ನುತ್ತೀರಿ. ಕೆಟ್ಟಿಲ್ಲ. ಹದಿನೇಳು ಸಲ ಒಂದು. ಕಥೆ ಈ ಸಂಖ್ಯೆಯದೇ.

2
ಮಾಲಿನಿ ತುಮಕೂರಿನ ಪಿಯು ಕಾಲೇಜೊಂದರಲ್ಲಿ ಗಣಿತದ ಲೆಕ್ಚರರ್. ಬಟವಾಡಿಯಲ್ಲಿ ಬಾಡಿಗೆ ಮನೆ. ಹಬ್ಬಕ್ಕೆ ಗುಬ್ಬಿಗೆ ಹೋದಾಗ ಅಜ್ಜಿ ಕಲ್ಲಮ್ಮ, "ಅದೇನವ್ವಾ ಪಾಠ ಮಾಡ್ತೀಯ ನೀನು?" ಎಂದು ಕೇಳಿದರು. ಮಾಲಿನಿ ಈ ಸಂಖ್ಯೆ ಬರೆದು ತೋರಿಸಿದಳು.

"ಇದು ಪ್ರೈಮ್ ನಂಬರ್ ಅಜ್ಜಿ. ಏನೇ ಮಾಡಿದ್ರೂ ಭಾಗ ಆಗಲ್ಲ."

(ಹದಿನೇಳು ಪ್ರೈಮ್, ಆದ್ದರಿಂದ ಹದಿನೇಳು ಒಂದುಗಳೂ ಪ್ರೈಮ್ ಇರಬೇಕೆಂದು ಅವಳ ಅಂದಾಜು. ಪರೀಕ್ಷಿಸಲಿಲ್ಲ. ನಾನೂ ಪರೀಕ್ಷಿಸಲಿಲ್ಲ. ಲೆಕ್ಕದಲ್ಲಿ ನಾನು ಅಷ್ಟಕ್ಕಷ್ಟೆ.)

3
ಅಜ್ಜಿಗೆ ಕೇಳಿಸಿದ್ದು ಬೇರೆ ಭಾಗ. ಅವರ ಇಬ್ಬರು ಗಂಡುಮಕ್ಕಳು, ಎಂದರೆ ಮಾಲಿನಿಯ ಅಪ್ಪ ಮತ್ತು ಚಿಕ್ಕಪ್ಪ, ಆಗಲೇ ಮನೆ, ತೋಟ, ಪಾತ್ರೆ ಪಡಗ ಭಾಗ ಮಾಡಿಕೊಳ್ಳುವ ಮಾತೆತ್ತಿದ್ದರು. ಮರುವಾರ ಅಜ್ಜಿ ಹಂಡೆಯನ್ನು ಆಟೋದಲ್ಲಿ ಪಾತ್ರೆ ಅಂಗಡಿಗೆ ಒಯ್ದು, ಹೆಸರು ಹಾಕಿಸುವ ಜಾಗದಲ್ಲಿ ಹದಿನೇಳು ಗೆರೆ ಹೊಡೆಸಿಕೊಂಡು ಬಂದರು.

"ಓದಿರೋಳು ಹೇಳವ್ಳೆ, ಇದು ಭಾಗ ಆಗಲ್ವಂತೆ. ಮುಟ್ಟಿ, ನೋಡ್ಕತೀನಿ!"

ಮಕ್ಕಳು ನಕ್ಕರು. ಆದರೆ ಭಾಗದ ಮಾತು ನಿಂತಿತು.

3 (ಮತ್ತೆ)
ಮೇಲಿನದನ್ನು ಬರೆದು ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ಮಾಲಿನಿ ಫೋನಿನಲ್ಲಿ ಸುಮ್ಮನೆ ಚೆಕ್ ಮಾಡಿಬಿಟ್ಟಳು. 2071723 × 5363222357. ಭಾಗವಾಗುತ್ತದೆ. ಅದೂ ಸರಿಯಾಗಿ ಎರಡಾಗಿ, ಒಂದು ಸಣ್ಣದು, ಒಂದು ದೊಡ್ಡದು.

"ಹತ್ತೊಂಬತ್ತು ಒಂದು ಇದ್ದಿದ್ರೆ ನಿಜವಾಗ್ಲೂ ಪ್ರೈಮ್ ಸರ್," ಎಂದು ನನ್ನನ್ನೇ ಹಿಡಿದುಕೊಂಡಳು. "ಇನ್ನೆರಡು ಸಲ ಟೈಪ್ ಮಾಡೋಕೆ ನಿಮಗೇನ್ ಕಷ್ಟ ಇತ್ತು?"

"ತಪ್ಪು ಹೇಳಿದ್ದು ನೀನು."

"ಹೇಳಿಸಿದ್ದು ನೀವು."

ನನಗೆ ನಾಚಿಕೆಯಾಯಿತು. ಅವಳಿಗೆ ಇನ್ನೂ ಹೆಚ್ಚು. ಬೋರ್ಡಿನ ಮುಂದೆ ನಿಂತರೆ ಮಕ್ಕಳ ಮುಖ ನೋಡಲಾಗುತ್ತಿಲ್ಲವಂತೆ.

4
ಅಂತ್ಯಗಳು.

ಅ) ಹೇಳುವುದೇ ಇಲ್ಲ. (ಹೇಡಿಯ ಅಂತ್ಯ. ನನಗೆ ಬಹಳ ಇಷ್ಟವಾಗಿತ್ತು.)

ಆ) ಗುಟ್ಟಾಗಿ ಇನ್ನೆರಡು ಗೆರೆ ಹೊಡೆಸುತ್ತಾಳೆ. (ಮಾಲಿನಿ ಒಪ್ಪಲಿಲ್ಲ. "ಕದ್ದು ತಿದ್ದೋದು ಬೇಡ ಸರ್. ಆಮೇಲೆ ಅಜ್ಜಿ ಮುಖ ಹೆಂಗೆ ನೋಡ್ಲಿ?")

ಇ) ಹೇಳಿಬಿಡುತ್ತಾಳೆ.

5
ಹೇಳಿದಳು. ಹಿತ್ತಲಲ್ಲಿ, ತಲೆ ಬಗ್ಗಿಸಿಕೊಂಡು.

"ಅಜ್ಜಿ, ನಾನು ತಪ್ಪು ಹೇಳ್ಬಿಟ್ಟೆ. ಅದು ಭಾಗ ಆಗುತ್ತೆ."

ಕಲ್ಲಮ್ಮ ಹುಣಿಸೆಹಣ್ಣು ಹಚ್ಚಿ ಹಂಡೆ ಬೆಳಗುತ್ತಿದ್ದರು. ಕೈ ನಿಂತಿತು.

"ನಿಮ್ಮಪ್ಪಂಗೆ ಹೇಳಿದ್ಯಾ?"

"ಇಲ್ಲ."

"ನಿಮ್ ಚಿಕ್ಕಪ್ಪಂಗೆ?"

"ಇಲ್ಲ ಅಜ್ಜಿ."

"ಎಲ್ಲಿಗೆ ಭಾಗ ಆಯ್ತದೆ? ತೋರ್ಸು."

ಮಾಲಿನಿ ಗೆರೆಗಳ ಮೇಲೆ ಬೆರಳಾಡಿಸಿದಳು. ಎಲ್ಲಿ ಕೈಯಿಟ್ಟರೂ ಒಂದರ ಪಕ್ಕ ಒಂದು. ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ತೋರ್ಸವ್ವಾ."

ಬೀದಿಯಲ್ಲಿ ಚಿಕ್ಕಪ್ಪನ ಬೈಕು ಬಂದು ನಿಂತಿತು. ಇನ್ನೊಂದು ಸಾಲು ಬರೆದರೆ ಅವರು ಒಳಗೆ ಬಂದುಬಿಡುತ್ತಾರೆ. ಅದಕ್ಕೇ ಬರೆಯುವುದಿಲ್ಲ.