ಕ್ರಾಬ್‌ಟ್ರೀ ಧಣಿಯ ಬೆಂಚು

ಲ್ಯಾವೆಂಡರ್ ವಾಸನೆ, ದಿಂಬಿಗೂ ಲ್ಯಾವೆಂಡರ್, ಇಷ್ಟು ಮೆತ್ತಗೆ ಕೂತರೆ ಯಾರಿಗೆ ತಾನೆ ದೇವರು ದಯಾಮಯ ಅನ್ನಿಸುವುದಿಲ್ಲ, ಡಾರ್ಕಸ್ ಬೇಕೆಂದೇ ಇನ್ನಷ್ಟು ಹರಡಿಕೊಂಡು ಕೂತಳು — ಗಿರಣಿಯ ಧಣಿ ಕ್ರಾಬ್‌ಟ್ರೀ ಚರ್ಚಿನಲ್ಲಿ ಬಾಡಿಗೆ ಕಟ್ಟಿ ಹಿಡಿದ ಬೆಂಚು, ಅದಕ್ಕೊಂದು ಬಾಗಿಲು ಬೇರೆ, ಬಾಗಿಲಾಚೆ ಧಣಿಯ ಹೆಂಡತಿ ನಿಂತೇ ಇದ್ದಾಳೆ, ನಿಲ್ಲಲಿ, ಡಾರ್ಕಸ್ ಇವರ ಮಗ್ಗದೆದುರು ದಿನವಿಡೀ ನಿಲ್ಲುವುದಿಲ್ಲವೆ, ದುಡಿಯುವವರಿಗೂ ಮತದ ಹಕ್ಕು ಬೇಕೆಂದು ಊರೂರಿನ ಜನ ಸಹಿ ಹಾಕಿ ಕಳಿಸಿದ ಮನವಿಯನ್ನು ಪಾರ್ಲಿಮೆಂಟು ಮೂಸಿಯೂ ನೋಡಲಿಲ್ಲ, ಸರಿ, ಭಾನುವಾರ ಚರ್ಚಿಗೆ ನುಗ್ಗಿ ಧಣಿಗಳ ಬೆಂಚುಗಳಲ್ಲೇ ಕೂರೋಣ, ಪ್ರಾರ್ಥನೆ ಮುಗಿಯುವ ತನಕ ಏಳಕೂಡದು ಅಂತ ಎಲ್ಲರೂ ಆಣೆ ಇಟ್ಟದ್ದಾಯಿತು, ಗಂಡ ಅಮೋಸ್ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ, ಅವನು ಲ್ಯಾಂಕಾಸ್ಟರ್ ಜೈಲಿನಲ್ಲಿ ಶಿಕ್ಷೆಯ ಕೆಲಸವೆಂದು ಹಳೆಯ ಹಗ್ಗದ ಎಳೆ ಬಿಡಿಸುತ್ತ ಕೂತಿದ್ದಾನೆ, ಮೈದಾನದಲ್ಲಿ ಮತದ ಮಾತಾಡಿದ್ದಕ್ಕೆ, ಆಡಿದ ಮಾತನ್ನು ಕೋರ್ಟಿಗೆ ಒಪ್ಪಿಸಿದವನು ಇವಳ ಸ್ವಂತ ಅಣ್ಣ ಈನಕ್, ಸಾಕ್ಷಿ ಹೇಳಿದ, ಗಿರಣಿಯ ಮೇಲ್ವಿಚಾರಕನಾದ, ಈಗ ಬಾಗಿಲ ಮೇಲೆ ಬಾಗಿದ್ದಾನೆ, ಬಾಯಲ್ಲಿ ಈರುಳ್ಳಿ ನಾತ — ಏಳೇ ಡಾರ್ಕಸ್, ಅಮ್ಮಾವ್ರು ನಿಂತವ್ರೆ. ಅವ್ರ ಕಾಲೂ ಗಟ್ಟಿಯಾಗ್ಲಿ ಬಿಡಣ್ಣ. ಏಳ್ದಿದ್ರೆ ನಾಳೆ ನಿನ್ ಮಗ್ಗ ಹೋಯ್ತು, ನನ್ ಕೆಲ್ಸಾನೂ ಹೋಯ್ತು ಕಣೇ. ನಿಂದೂ ಹೋಯ್ತದಾ, ಹಂಗಾದ್ರೆ ಇಲ್ಲೇ ಹಾಸಿಗೆ ಹಾಕ್ಕೋತೀನಿ — ಹಿಂದಿನ ಬೆಂಚಿನಿಂದ ಮೋಚಿ ಮುದುಕ ಜೋಸಯ್ಯ ಕಿಸಕ್ಕೆಂದ, ಮೇಲ್ವಿಚಾರಕ್ರೇ, ನೀವೂ ಬನ್ನಿ, ಜಾಗ ಐತೆ.

ಪಾದ್ರಿ ಪುಟ ತಿರುವಿದ, ಸುವಾರ್ತೆ, ಮತ್ತಾಯನು ಬರೆದದ್ದು, ಅಂದ — ಸುವಾರ್ತೆ ಓದುವಾಗ ಎಲ್ಲರೂ ನಿಲ್ಲಬೇಕು, ಸುವಾರ್ತೆ ಅಂದರೆ ಅಜ್ಜಿಯ ಬೆರಳು, ಎದ್ದು ನಿಲ್ಲದ ಮಕ್ಕಳ ತೊಡೆ ಚಿವುಟುವ ಬೆರಳು, ದೇವರ ಮಾತಿಗೆ ಕೂತಿರ್ತೀಯೇನೇ ಕತ್ತೆ — ನೋಡಿದರೆ ಎದ್ದು ನಿಂತಿದ್ದಾಳೆ, ಜೋಸಯ್ಯನೂ ನಿಂತಿದ್ದಾನೆ, ಪಾರ್ಲಿಮೆಂಟಿಗೆ ಹೆದರದ ಜನ ಚರ್ಚಿನ ತುಂಬ ಸತ್ತ ಅಜ್ಜಿಯರಿಗೆ ಹೆದರಿ ನಿಂತಿದ್ದಾರೆ, ಬೆಂಚಿನ ಬಾಗಿಲು ಕಿರುಗುಟ್ಟಿತು, ಹಿಂದೆ ಸರಸರ, ತಿರುಗಿದರೆ ಧಣಿಯ ಹೆಂಡತಿ ಕೂತಾಗಿದೆ, ದೇವರ ಮಾತಿಗೆ ಅವಳೊಬ್ಬಳೇ ಕೂತಿದ್ದಾಳೆ, ಅವಳಿಗೆ ಅಜ್ಜಿಯೇ ಇರಲಿಲ್ಲವೇನೋ, ಅಮೋಸನಿಗೆ ಏನು ಹೇಳುವುದು, ಯಾರೂ ಎಬ್ಬಿಸಲಿಲ್ಲ, ನಾನಾಗಿಯೇ ಎದ್ದೆ ಅಂತಲೆ — ತನ್ನ ಮರದ ಮೆಟ್ಟಿಗೆ ಹೊಡೆದ ಕಬ್ಬಿಣದಡಿ ಏನೋ ನುಣುಪು, ಧಣಿಯ ಹೆಂಡತಿಯ ಲಂಗದ ಅಂಚು, ಕಪ್ಪು ರೇಷ್ಮೆ, ಆಕೆ ಎಳೆದಳು, ಬರಲಿಲ್ಲ, ಈನಕ್ ಬೆವರುತ್ತಿದ್ದಾನೆ, ಕಾಲೆತ್ತೇ, ನಿನ್ ದಮ್ಮಯ್ಯ, ಕಾಲೆತ್ತು — ಎತ್ತಿದರೆ ಮಗ್ಗ ಉಳಿದೀತು, ನಾಳೆಯ ರೊಟ್ಟಿ ಉಳಿದೀತು, ಇವನೂ ಉಳಿದಾನು, ಡಾರ್ಕಸ್ ಮೈಭಾರವನ್ನೆಲ್ಲ ಆ ಕಾಲಿಗೇ ಬಿಟ್ಟಳು, ಆಕೆ ಮತ್ತೆ ಎಳೆದಳು, ನೇಕಾರಳ ಕಿವಿಗೆ ಎಲ್ಲರಿಗಿಂತ ಮೊದಲು ಕೇಳಿತು ರೇಷ್ಮೆ ಬಿರಿಯುವ ಸದ್ದು, ಒಳ್ಳೆಯ ನೇಯ್ಗೆ, ಉದ್ದದ ಹಾಸು ಗಟ್ಟಿಯಿದೆ, ಅಡ್ಡದ ಹೊಕ್ಕು ಬಿಡುತ್ತಿದೆ, ಕಪ್ಪು ಎಳೆ, ಕಬ್ಬಿಣದಡಿಯಿಂದ ಒಂದು ಕಪ್ಪು ಎಳೆ, ಇನ್ನೊಂದು ಎಳೆ, ಇನ್ನೊಂದು —